ತಂತಿ ನೆಲ ಮುಟ್ಟುವ ಮುನ್ನ

ವಿದ್ಯುತ್ ನಿಗಮದ ರಿಲೇ ವಿಭಾಗಕ್ಕೆ ಹೊಸದಾಗಿ ಸೇರಿದವರು ನಾನು ನಿವೃತ್ತಳಾದ ಮೇಲೂ ಒಮ್ಮೊಮ್ಮೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬರುತ್ತಾರೆ. ಬಂದವರು ಕೇಳುವುದು ಸೆಟಿಂಗ್ ಲೆಕ್ಕಗಳನ್ನು. ಅವನ್ನು ರಿಲೇ ಜೊತೆಗೆ ಬರುವ ಕೈಪಿಡಿಗಳು ನನಗಿಂತ ಚೆನ್ನಾಗಿ ಹೇಳುತ್ತವೆ. ನಾನು ಹೇಳಬಹುದಾದದ್ದು ಬೇರೆ. ಅಷ್ಟು ವರ್ಷ ಆ ಪೆಟ್ಟಿಗೆಗಳ ಮುಂದೆ ನಿಂತು, ಬಿಚ್ಚಿ, ಜೋಡಿಸಿ, ಬೈದು, ಅವುಗಳ ಸಹವಾಸದಲ್ಲೇ ಕೂದಲು ಬೆಳ್ಳಗಾದರೂ ನನಗೆ ಅವುಗಳ ಮೇಲಿನ ಬೆರಗು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು ಬರೆದಿಡೋಣ ಎನ್ನಿಸಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಹೈವೋಲ್ಟೇಜ್ ಲೈನಿನಲ್ಲಿ ಹರಿಯುವ ಕರೆಂಟನ್ನು ಹಗಲೂ ರಾತ್ರಿ ನೋಡುತ್ತಾ ಕೂರುವುದು ರಿಲೇ. ಏನಾದರೂ ಕೆಟ್ಟಿತು ಎಂದು ಕಂಡರೆ ಅದು ಬ್ರೇಕರಿಗೆ ಹೇಳುತ್ತದೆ. ಬ್ರೇಕರ್ ಎಂದರೆ ಉಪಕೇಂದ್ರದ ಯಾರ್ಡಿನಲ್ಲಿ ನಿಂತಿರುವ ದೊಡ್ಡ ಸ್ವಿಚ್ಚು. ಅದು ಲೈನನ್ನು ಬಿಡಿಸಿ ಕರೆಂಟು ನಿಲ್ಲಿಸುತ್ತದೆ. ಅಷ್ಟೇ ಕೆಲಸ. ಆದರೆ ಆ ಕೆಲಸ ವರ್ಷಗಟ್ಟಲೆ ಬರದೇ ಇರಬಹುದು, ಬಂದಾಗ ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗುವುದಿಲ್ಲ. ಅಷ್ಟರೊಳಗೆ ಅದು ನೋಡಬೇಕು, ಅನುಮಾನ ಪಡಬೇಕು, ಅನುಮಾನ ನಿಜವೇ ಎಂದು ವಿಚಾರಿಸಿಕೊಳ್ಳಬೇಕು, ಹೇಳಬೇಕು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಲ್ಯಾಬು ಅಂತರಸನಹಳ್ಳಿಯ ಕಡೆ ಇತ್ತು. ಆಗಿನ ರಿಲೇಗಳಲ್ಲಿ ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ತಟ್ಟೆ ಇರುತ್ತಿತ್ತು. ಕರೆಂಟು ಮಿತಿ ಮೀರಿದರೆ ತಟ್ಟೆ ತಿರುಗಿ, ಅದಕ್ಕೆ ಅಂಟಿಕೊಂಡ ಕಡ್ಡಿ ಎದುರಿನ ಕಡ್ಡಿಯನ್ನು ಮುಟ್ಟುತ್ತಿತ್ತು. ನನ್ನ ಮೇಲಧಿಕಾರಿ ನಂಜುಂಡಯ್ಯನವರು ಆ ತಟ್ಟೆ ತಿರುಗುವ ಅಚ್ಚನ್ನು ವಾಚ್ ರಿಪೇರಿಯವರ ಬ್ರಷ್ಷಿನಿಂದ ತಾವೇ ಒರೆಸುತ್ತಿದ್ದರು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಮೊದಲ ದಿನ ನಾನು ಸ್ಕ್ರೂಡ್ರೈವರ್ ಎತ್ತಿಕೊಂಡು ಹೋದಾಗ, "ಕೈ ಹಾಕ್ಬೇಡಮ್ಮ. ಮೊದ್ಲು ಒಂದ್ ತಿಂಗ್ಳು ನೋಡು" ಅಂದರು. ನನಗೆ ಸಿಟ್ಟು ಬಂತು. ಹೆಣ್ಣೆಂದು ಹಾಗೆ ಅಂದರೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಎಲ್ಲರಿಗೂ ಹಾಗೇ ಹೇಳುತ್ತಿದ್ದರು.

ಅವರ ಜೊತೆ ಕುಣಿಗಲ್ ಕಡೆಯ ಒಂದು ವಿದ್ಯುತ್ ಸ್ಟೇಷನ್ನಿಗೆ ಹೋದದ್ದು ನೆನಪಿದೆ. ಅಲ್ಲಿನ ಟ್ರಾನ್ಸ್‌ಫಾರ್ಮರಿಗೆ ಡಿಫರೆನ್ಷಿಯಲ್ ರಿಲೇ ಇತ್ತು. ಅದರ ತತ್ವ ಸುಲಭ: ಒಳಗೆ ಹೋದ ಕರೆಂಟೂ ಹೊರಗೆ ಬಂದ ಕರೆಂಟೂ ಸರಿಹೊಂದಬೇಕು. ಹೊಂದದಿದ್ದರೆ ನಡುವೆ ಎಲ್ಲೋ ಸೋರಿದೆ ಎಂದರ್ಥ. ಅಲ್ಲಿ ಲೋಡು ಏರಿದಾಗಲೆಲ್ಲ ರಿಲೇ ಟ್ರಿಪ್ ಕೊಟ್ಟು ಕರೆಂಟು ಕಡಿದುಹಾಕುತ್ತಿತ್ತು. ಟ್ರಾನ್ಸ್‌ಫಾರ್ಮರ್ ಚೆನ್ನಾಗಿಯೇ ಇತ್ತು. ಎಣ್ಣೆ ಪರೀಕ್ಷೆ ಮಾಡಿಸಿದ್ದರು, ಸುರುಳಿ ಪರೀಕ್ಷೆ ಮಾಡಿಸಿದ್ದರು. "ರಿಲೇ ಕೆಟ್ಟೋಗಿದೆ ಸಾರ್, ತೆಗೆದಾಕ್ಬುಡಿ" ಎಂದು ಅಲ್ಲಿನ ಆಪರೇಟರು ಹಠ ಹಿಡಿದಿದ್ದ.

ನಂಜುಂಡಯ್ಯನವರು ರಿಲೇ ಮುಟ್ಟಲೇ ಇಲ್ಲ. ಕುರ್ಚಿ ತರಿಸಿ ಪ್ಯಾನೆಲ್ಲಿನ ಹಿಂದೆ ಕೂತು, ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಅದರ ತುದಿಯವರೆಗೆ ಹೋದರು. ಮಧ್ಯಾಹ್ನ ಊಟದ ಹೊತ್ತಿಗೆ ಸಿಕ್ಕಿತು. ಹಿಂದಿನ ರಿಪೇರಿಯಲ್ಲಿ ಯಾರೋ ಒಂದು ಜೊತೆ ವೈರನ್ನು ತಿರುವು ಮುರುವು ಸೇರಿಸಿದ್ದರು. ಒಂದು ಕಡೆಯ ಕರೆಂಟು ರಿಲೇಯ ಕಣ್ಣಿಗೆ ಉಲ್ಟಾ ಕಾಣುತ್ತಿತ್ತು. ಅದು ಕಂಡದ್ದನ್ನು ಕಂಡ ಹಾಗೇ ಹೇಳುತ್ತಿತ್ತು.

"ಇದು ಸುಳ್ಳೇಳಲ್ಲ ಕಣಮ್ಮ" ಅಂದರು, ಕೈ ಒರೆಸಿಕೊಳ್ಳುತ್ತಾ. "ನಾವು ಅದಕ್ಕೆ ಸುಳ್ಳು ತೋರಿಸ್ತೀವಿ."

ಕಾಲ ಬದಲಾಯಿತು. ತಿರುಗುವ ತಟ್ಟೆ ಹೋಗಿ, ಎಲೆಕ್ಟ್ರಾನಿಕ್ ಚಿಪ್ ಇರುವ ರಿಲೇಗಳು ಬಂದವು. ಅಂಗೈಯಗಲದ ಪರದೆ, ನಾಲ್ಕು ಗುಂಡಿ, ಹಿಂದೆ ಹಲವು ವೈರು. ಒಳಗೆ ಚಲಿಸುವಂಥದ್ದು ಹೆಚ್ಚೇನೂ ಇಲ್ಲ. ಬಿಚ್ಚಿ ನೋಡಿದರೂ ಏನೂ ಕಾಣುವುದಿಲ್ಲ ಎಂಬುದು ನಂಜುಂಡಯ್ಯನವರಿಗೆ ದೊಡ್ಡ ಬೇಸರ. ಆ ಬದಲಾವಣೆಯ ಹೊತ್ತಿನಲ್ಲೇ ಗುಬ್ಬಿ ತಾಲ್ಲೂಕಿನ ಸ್ಥಾವರದ ಕೆಲಸ ನಮ್ಮ ಕೈಗೆ ಬಂತು.

ನಿಟ್ಟೂರಿನ ಕಡೆ ಒಂದು ಖಾಸಗಿ ವಿದ್ಯುತ್ ಸ್ಥಾವರ ಎದ್ದಿತ್ತು. ತೆಂಗಿನ ಮಟ್ಟೆ, ಗರಿ, ಕಡಲೆಕಾಯಿ ಸಿಪ್ಪೆ ಇಂಥವನ್ನು ಉರಿಸಿ ಹಬೆ ಮಾಡಿ, ಹಬೆಯಿಂದ ಟರ್ಬೈನ್ ತಿರುಗಿಸುವುದು. ಚಿಕ್ಕ ಸ್ಥಾವರ. ಅಲ್ಲಿಂದ ನಮ್ಮ ಉಪಕೇಂದ್ರಕ್ಕೆ ಅರವತ್ತಾರು ಸಾವಿರ ವೋಲ್ಟಿನ ಲೈನು. ಉದ್ದ ಒಂದು ಕಿಲೋಮೀಟರಿಗೂ ಕಡಿಮೆ. ಇಷ್ಟು ಗಿಡ್ಡ ಲೈನಿಗೆ ಯಾವ ರಿಲೇ ಹಾಕಬೇಕು ಎಂದು ನಾವು ಹೇಳಬೇಕಿತ್ತು. ನೋಡಲು ಸಣ್ಣ ಪ್ರಶ್ನೆ.

ಲೈನು ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಲು ನಾನು ನಡೆದುಕೊಂಡೇ ಹೋದೆ. ಕಂಬಗಳು ಆಗಲೇ ನಿಂತಿದ್ದವು, ತಂತಿ ಇನ್ನೂ ಎಳೆದಿರಲಿಲ್ಲ. ಎರಡು ರಾಗಿ ಹೊಲ, ಒಂದು ಬೀಳು, ಆಮೇಲೆ ತೆಂಗಿನ ತೋಟ. ತಂತಿ ಹಾದುಹೋಗುವ ಪಟ್ಟಿಯಲ್ಲಿ ಮರ ಕಡಿದು ಸೀಮೆಹುಲ್ಲು ಹಾಕಿದ್ದರು. ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಸಿದ್ಧಗಂಗಮ್ಮ. ತೋಟ ಅವರದ್ದೇ. ಗಟ್ಟಿ ಆಳು, ನನಗಿಂತ ಹತ್ತಾರು ವರ್ಷ ದೊಡ್ಡವರು.

"ಏನವ್ವಾ, ತಂತಿಯೋರಾ?" ಅಂದರು.

"ಹೂಂ ಅಮ್ಮಾ. ಇಲ್ಲೇ ದಿನಾ ಹುಲ್ಲು ಕೊಯ್ತೀರಾ?"

"ಇನ್ನೆಲ್ಲಿಗ್ ಹೋಗಾನ? ಮರ ಹಾಕ್ಬೇಡಿ ಅಂದ್ರು, ಹುಲ್ಲಾಕಿದೀನಿ. ಹಸಾನೂ ಇಲ್ಲೇ ಕಟ್ತೀನಿ." ಕುಡುಗೋಲಿನಿಂದ ಮೇಲೆ ತೋರಿಸಿ ಕೇಳಿದರು, "ಅದು ಕಿತ್ಕೊಂಡು ಬಿದ್ರೆ ನಾವ್ ಏನಾಗ್ತೀವವ್ವಾ?"

"ಬಿದ್ರೆ ಅಲ್ಲಿ ಕರೆಂಟು ಆಫ್ ಆಗೋ ಹಂಗೆ ಮಾಡ್ತೀವಿ" ಅಂದೆ.

"ಆಫ್ ಆಗದು ಬಿದ್ದ ಮ್ಯಾಲೋ, ಬೀಳಕ್ ಮುಂಚೇನೋ?"

"ಆಗುತ್ತೆ ಬಿಡಿ ಅಮ್ಮಾ" ಎಂದೇನೋ ಹೇಳಿ ನಡೆದುಬಿಟ್ಟೆ. ಆದರೆ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಉಳಿಯಿತು. ಕಾಲೇಜಿನಲ್ಲೂ ಲ್ಯಾಬಿನಲ್ಲೂ ನಾವು ವೇಗದ ಬಗ್ಗೆ ಮಾತಾಡುತ್ತಿದ್ದದ್ದು ಯಂತ್ರಗಳನ್ನು ಉಳಿಸಿಕೊಳ್ಳುವುದಕ್ಕೆ. ತಂತಿ ಮೇಲಿಂದ ನೆಲಕ್ಕೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾವತ್ತೂ ಲೆಕ್ಕ ಹಾಕಿದವಳಲ್ಲ. ಮನೆಗೆ ಬಂದು ಹಾಕಿದೆ. ಒಂದು ಉಸಿರಿನಷ್ಟು ಹೊತ್ತು. ಮನುಷ್ಯ ಓಡಲು ಅದು ಏನೇನೂ ಸಾಲದು. ಒಳ್ಳೆಯ ರಿಲೇಗೆ ಬೇಕಾದಷ್ಟಾಯಿತು.

ತೀರ್ಮಾನದ ದಿನ ಸ್ಥಾವರದ ಕಚೇರಿಯಲ್ಲಿ ಮೂವರೇ ಕೂತಿದ್ದೆವು: ನಂಜುಂಡಯ್ಯನವರು, ನಾನು, ಸ್ಥಾವರದ ಮ್ಯಾನೇಜರ್ ರೇವಣ್ಣ.

ನಂಜುಂಡಯ್ಯನವರ ಒಲವು ಡಿಸ್ಟೆನ್ಸ್ ರಿಲೇ ಕಡೆ. ಅದು ವೋಲ್ಟೇಜನ್ನೂ ಕರೆಂಟನ್ನೂ ನೋಡಿ, ತೊಂದರೆ ಎಷ್ಟು ದೂರದಲ್ಲಿದೆ ಎಂದು ಅಳೆಯುತ್ತದೆ. ಉದ್ದದ ಲೈನುಗಳನ್ನು ಅದನ್ನು ನಂಬಿಯೇ ಅವರು ಜೀವಮಾನವಿಡೀ ಕಾಪಾಡಿಕೊಂಡು ಬಂದಿದ್ದರು. ಆದರೆ ಇಷ್ಟು ಗಿಡ್ಡ ಲೈನಿನಲ್ಲಿ ತೊಂದರೆ ಲೈನಿನ ಒಳಗಿದೆಯೋ, ಆ ತುದಿಯ ಆಚೆಗಿದೆಯೋ ಎಂದು ಅಳೆದು ಹೇಳುವುದು ಅದಕ್ಕೆ ಕಷ್ಟ. ಮೋಸ ಹೋಗದಿರಲಿ ಎಂದರೆ ಸ್ವಲ್ಪ ಕಾದು ನಿರ್ಧರಿಸುವಂತೆ ಇಡಬೇಕು.

"ಕಾಯೋದು ಬೇಡ ಸರ್" ಅಂದೆ. "ಎರಡೂ ತುದಿಗೆ ಡಿಫರೆನ್ಷಿಯಲ್ ಹಾಕೋಣ. ಎರಡೂ ರಿಲೇ ಫೈಬರಿನಲ್ಲಿ ಮಾತಾಡಿಕೊಳ್ಳಲಿ. ಇಲ್ಲಿ ಹೋದದ್ದು ಅಲ್ಲಿ ಬರಲಿಲ್ಲ ಅಂದ್ರೆ ಎರಡೂ ಕಡೆ ತಕ್ಷಣ ಬಿಡಿಸಲಿ."

"ಗಾಜಿನ ಎಳೆ ನಂಬ್ಕೊಂಡು ಕೂರೋದಾ?" ಎಂದರು ಅವರು. "ಆ ಫೈಬರ್ ಎಲ್ಲಿ ಬರುತ್ತೆ? ಕಂಬದ ತುದಿಯ ತಂತಿಯೊಳಗೆ. ಮರ ಬಿತ್ತು ಅನ್ನು. ಮೇಲಿನ ತಂತಿನೂ ಹರಿಯುತ್ತೆ, ಗಾಜೂ ಹರಿಯುತ್ತೆ. ನಿನ್ನ ರಿಲೇಗಳು ಬೇಕಾದ ಗಳಿಗೇಲೇ ಒಂದಕ್ಕೊಂದು ಮಾತು ಬಿಡ್ತವೆ."

ಅವರ ಮಾತು ಸರಿಯಾಗಿತ್ತು. ಹಳಬರ ಹಠ ಎಂದುಕೊಂಡು ಬಂದಿದ್ದ ನನಗೆ, ಹೊಸದನ್ನು ಅವರು ನನಗಿಂತ ಹೆಚ್ಚು ಯೋಚಿಸಿದ್ದಾರೆ ಎಂದು ಗೊತ್ತಾಯಿತು.

ಲೈನಿನ ನಕ್ಷೆ ಎಳೆದುಕೊಂಡು ಹೇಳಿದೆ, "ಹಾಗಾದ್ರೆ ಫೈಬರ್ ಕಂಬದ ಮೇಲೆ ಬೇಡ. ರಸ್ತೆ ಪಕ್ಕದಲ್ಲಿ ಕಾಲುವೆ ತೋಡಿ ನೆಲದೊಳಗೆ ಹಾಕಿಸೋಣ. ಲೈನಿನ ಹತ್ತಿರಾನೇ ಬರೋದು ಬೇಡ. ಡಿಸ್ಟೆನ್ಸ್ ರಿಲೇನೂ ಇರಲಿ, ಎರಡನೇ ಕಾವಲಿಗೆ."

ಅವರು ನಕ್ಷೆಯ ಮೇಲೆ ಬೆರಳಿಟ್ಟು ರಸ್ತೆಯ ದಾರಿಯುದ್ದಕ್ಕೂ ಎಳೆದರು. "ಇದು ಸರಿ" ಅಂದರು.

ರೇವಣ್ಣನವರ ಚಿಂತೆ ಬೇರೆ. ಲೈನು ಹೋದರೆ ಟರ್ಬೈನಿಗೆ ಲೋಡು ಹೋಗುತ್ತದೆ, ಬಾಯ್ಲರಿನ ಹಬೆಯನ್ನು ಆಕಾಶಕ್ಕೆ ಬಿಡಬೇಕು, ಮತ್ತೆ ಎಲ್ಲ ಹತೋಟಿಗೆ ತರಲು ಇಡೀ ಪಾಳಿಯವರು ಬೆವರು ಸುರಿಸಬೇಕು. "ಮೇಡಂ, ಹಕ್ಕಿ ಕೂತಿದ್ದಕ್ಕೋ ಗರಿ ತಾಗಿದ್ದಕ್ಕೋ ಟ್ರಿಪ್ ಆಗಿರುತ್ತೆ. ಬಿಡಿಸಿದ ತಕ್ಷಣ ಅದು ಸರಿಯಾಗಿರುತ್ತೆ. ನಿಮ್ ಸ್ಟೇಷನ್ ಕಡೆಯಿಂದ ತಾನಾಗೇ ಒಂದ್ಸಲ ಮತ್ತೆ ಕರೆಂಟ್ ಬಂದು ಚಾರ್ಜ್ ಆಗೋ ಹಂಗೆ ಇಡಿ. ಎಷ್ಟೋ ಕಡೆ ಇಟ್ಟಿದಾರೆ."

ರೀಕ್ಲೋಸ್ ಎನ್ನುವುದು ಇದನ್ನೇ. ಅದೂ ತಪ್ಪು ಮಾತಲ್ಲ. ಲೈನಿನಲ್ಲಿ ಆಗುವ ತೊಂದರೆಗಳಲ್ಲಿ ಬಹುಪಾಲು ಹಾಗೇ ಬಂದು ಹಾಗೇ ಹೋಗುವಂಥವು. ನಾನು ತೋಟದ ಬಗ್ಗೆ ಹೇಳಿದೆ. "ತಂತಿ ಹರಿದು ಬಿದ್ದಿದ್ರೆ? ರಿಲೇ ಬಿಡಿಸುತ್ತೆ, ತಂತಿ ಸತ್ತು ನೆಲಕ್ಕೆ ಬರುತ್ತೆ. ಆಗ ನಾವು ಮತ್ತೆ ಚಾರ್ಜ್ ಮಾಡಿದ್ರೆ, ನೆಲದ ಮೇಲೆ ಬಿದ್ದಿರೋ ತಂತಿಗೆ ಜೀವ ಕೊಟ್ಟಂಗಾಗುತ್ತೆ ಸರ್. ಕೆಳಗೆ ಒಬ್ಬರು ದಿನಾ ಹುಲ್ಲು ಕೊಯ್ತಾರೆ."

ರೇವಣ್ಣ ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. ಅವರು ಕಟುಕರಲ್ಲ. ಅವರ ಕೈಕೆಳಗಿನವರು ಬಾಯ್ಲರಿನ ಮುಂದೆ ಬೇಯುವುದನ್ನು ದಿನಾ ನೋಡುತ್ತಿದ್ದವರು. ಕೊನೆಗೆ ನಂಜುಂಡಯ್ಯನವರ ಮುಖ ನೋಡಿದರು.

"ಈಯಮ್ಮ ಲೈನು ಪೂರ್ತಿ ನಡ್ಕೊಂಡು ಬಂದವ್ರೆ" ಎಂದರು ನಂಜುಂಡಯ್ಯನವರು. "ನಾವಿಬ್ರೂ ನಡೆದಿಲ್ಲ. ರೀಕ್ಲೋಸ್ ಬೇಡ ಬಿಡಿ."

ಹೀಗೆ ಆಯ್ಕೆ ಮುಗಿಯಿತು. ಪರೀಕ್ಷೆಯ ದಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ನಂಜುಂಡಯ್ಯನವರು. ಫೋನಿನಲ್ಲಿ ಮಾತಾಡಿಕೊಂಡು ಎರಡೂ ರಿಲೇಗಳಿಗೆ ಒಂದೇ ಸಲ ಪರೀಕ್ಷೆಯ ಕರೆಂಟು ಕೊಟ್ಟೆವು. ಸರಿಹೊಂದಿದಾಗ ರಿಲೇಗಳು ಸುಮ್ಮನಿದ್ದವು. ನಾನು ನನ್ನ ಕಡೆಯ ಕರೆಂಟನ್ನು ತುಸು ಬದಲಿಸಿದೆ. ಎರಡೂ ಯಾರ್ಡುಗಳಲ್ಲಿ ಬ್ರೇಕರುಗಳು ಧಡ್ ಎಂದವು. ಆ ಶಬ್ದ ಫೋನಿನಲ್ಲೂ ಕೇಳಿಸಿತು, ಕಿಟಕಿಯಿಂದಲೂ ಕೇಳಿಸಿತು. ಎರಡರ ನಡುವೆ ಬಿಡುವೇ ಇರಲಿಲ್ಲ. "ಅಬ್ಬಾ" ಎಂದು ಆ ಕಡೆಯಿಂದ ನಂಜುಂಡಯ್ಯನವರ ದನಿ ಬಂತು. ಅವರ ಬಾಯಲ್ಲಿ ಆ ಪದ ನಾನು ಕೇಳಿದ್ದು ಅದೊಂದೇ ಸಲ.

ಲೈನು ಚಾರ್ಜ್ ಆಯಿತು. ನಂಜುಂಡಯ್ಯನವರು ನಿವೃತ್ತರಾಗಿ ಕುಣಿಗಲ್ಲಿಗೆ ಹೋದರು. ಹಲವು ಬೇಸಿಗೆಗಳು ಕಳೆದವು. ಆ ರಿಲೇಗೆ ಕೆಲಸವೇ ಬರಲಿಲ್ಲ. ವರ್ಷಕ್ಕೊಮ್ಮೆ ಹೋಗಿ ಪರೀಕ್ಷೆ ಮಾಡಿ, ಬಟ್ಟೆಯಿಂದ ಧೂಳು ಒರೆಸಿ ಬರುತ್ತಿದ್ದೆ. ಒಮ್ಮೊಮ್ಮೆ ಅಷ್ಟೆಲ್ಲ ವಾದ ಮಾಡಿದ್ದು ಹೆಚ್ಚಾಯಿತೇನೋ ಅನ್ನಿಸುತ್ತಿತ್ತು.

ಮುಂಗಾರಿಗೆ ಮುಂಚಿನ ಒಂದು ಮಧ್ಯಾಹ್ನ. ತುಮಕೂರಿನಲ್ಲೂ ಗಾಳಿ ಎದ್ದು, ಅಂತರಸನಹಳ್ಳಿಯ ಶೆಡ್ಡುಗಳ ತಗಡುಗಳು ಬಡಿದುಕೊಳ್ಳುತ್ತಿದ್ದವು. ರೇವಣ್ಣನವರ ಫೋನು ಬಂತು.

"ಮೇಡಂ, ಲೈನು ಟ್ರಿಪ್ ಆಗಿದೆ. ತೋಟದಲ್ಲಿ ಮರ ಬಿದ್ದಿದೆ, ತಂತಿ ಹರಿದಿದೆ." ಅವರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಆ ಹುಲ್ಲು ಕೊಯ್ಯೋ ಅಮ್ಮ ಅಲ್ಲೇ ಇದ್ರಂತೆ."

"ಹೆಂಗಿದಾರೆ?"

"ಗೊತ್ತಿಲ್ಲ ಮೇಡಂ. ನಮ್ಮೋರು ಓಡಿದಾರೆ."

ಜೀಪಿನಲ್ಲಿ ಗುಬ್ಬಿ ದಾಟುವವರೆಗೂ ಮನಸ್ಸಿನಲ್ಲಿ ಸೆಟಿಂಗ್‌ಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಎಲ್ಲ ಸರಿಯಾಗಿಯೇ ಇದ್ದವು. ಮತ್ತೆ ಮೊದಲಿನಿಂದ ಹೇಳಿಕೊಂಡೆ.

ತೋಟದಲ್ಲಿ ಜನ ಸೇರಿದ್ದರು. ಮರ ಕಡಿಯಬೇಕಾದ ಗಡಿಯ ಆಚೆ ನಿಂತಿದ್ದ ಹಳೆಯ ತೆಂಗಿನಮರ ಬುಡಸಹಿತ ಕಿತ್ತು ಲೈನಿನ ಮೇಲೆ ಅಡ್ಡ ಬಿದ್ದಿತ್ತು. ಮೇಲಿನ ತಂತಿಯೂ ಹರಿದು, ಕೆಳಗಿನದೂ ಹರಿದು ಹುಲ್ಲಿನ ಮೇಲೆ ಸುರುಳಿಯಾಗಿ ಬಿದ್ದಿದ್ದವು. ಲೈನ್‌ಮನ್‌ಗಳು ಎರಡೂ ಕಡೆ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡಿ ಮುಗಿಸಿದ್ದರು. ಪಕ್ಕದಲ್ಲಿ ಹಸು ಗೂಟಕ್ಕೆ ಕಟ್ಟಿದ ಹಾಗೇ ನಿಂತು ಮೆಲುಕು ಹಾಕುತ್ತಿತ್ತು. ಬದುವಿನ ಮೇಲೆ ಸಿದ್ಧಗಂಗಮ್ಮ ಕೂತಿದ್ದರು. ಯಾರೋ ಕೊಟ್ಟ ನೀರಿನ ಚೊಂಬು ಕೈಯಲ್ಲಿತ್ತು. ಕುಡಿದಿರಲಿಲ್ಲ.

ನಾನು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಗಾಳಿ ಬಂತು ಅಂತ ಹಸಾ ಬಿಚ್ಚಾಕ್ ಬಂದೆ" ಅಂದರು ಅವರೇ. "ಲಟಲಟ ಅಂತು. ಮ್ಯಾಲ್ ನೋಡ್ತೀನಿ, ನೀಲಿ ಬೆಂಕಿ. ಫಳ್ ಅಂತ ಒಂದೇ ಸಲ. ಆಮ್ಯಾಕೆ ತಂತಿ ಬಂತು ನೋಡವ್ವಾ, ಚಾಟಿ ಬೀಸ್ದಂಗೆ ಸುಯ್ ಅಂತ." ಸೆರಗು ಸರಿಸಿ ತೋಳು ತೋರಿಸಿದರು. ಮೊಣಕೈಯಿಂದ ಭುಜದವರೆಗೆ ಕೆಂಪಗೆ ಬರೆ ಎದ್ದಿತ್ತು, ಅಲ್ಲಲ್ಲಿ ಚರ್ಮ ತರಚಿತ್ತು. ಸುಟ್ಟ ಗುರುತು ಒಂದೂ ಇರಲಿಲ್ಲ. "ಇಲ್ಲಿ ಹೊಡ್ಕೊಂಡು ನನ್ ಮೈಮ್ಯಾಲೇ ಬಿತ್ತು. ಸತ್ತೆ ಅಂದ್ಕೊಂಡು ಕಣ್ ಮುಚ್ಕೊಂಡೆ. ಎಷ್ಟೊತ್ತಾದ್ರೂ ಸಾಯ್ಲೇ ಇಲ್ಲ. ಕಣ್ ಬುಟ್ರೆ ಹಸ ನನ್ನೇ ನೋಡ್ತಾ ಐತೆ."

ಸುತ್ತ ನಿಂತವರು ನಕ್ಕರು. ಅವರೂ ನಕ್ಕರು. ನಗುತ್ತಾ ನಗುತ್ತಾ ಅಳಲು ಶುರುಮಾಡಿದರು. ನಾನು ಚೊಂಬನ್ನು ಅವರ ಕೈಯಿಂದ ತೆಗೆದುಕೊಂಡು ಬಾಯಿಗೆ ಹಿಡಿದೆ.

ಅಲ್ಲಿಂದ ಸ್ಥಾವರದ ಕಂಟ್ರೋಲ್ ರೂಮಿಗೆ ಹೋದೆ. ಹೊರಗೆ ಬಾಯ್ಲರಿನ ಹಬೆ ಇನ್ನೂ ಕಿವಿ ಗಡಚಿಕ್ಕುವ ಹಾಗೆ ಹೋಗುತ್ತಿತ್ತು. ರಿಲೇ ತನ್ನ ಕಣ್ಣಿಗೆ ಬಿದ್ದದ್ದನ್ನು ತಾನೇ ಉಳಿಸಿಕೊಂಡಿರುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ತೆರೆದೆವು. ಅಲೆಗಳು ಒಂದೇ ಸಮನೆ ಬರುತ್ತಿದ್ದವು. ಒಂದು ಕಡೆ ಥಟ್ಟನೆ ಉಬ್ಬಿದವು. ಉಬ್ಬಿದ ಅಲೆ ಇನ್ನೂ ಸರಿಯಾಗಿ ಮೈ ಎತ್ತುವ ಮೊದಲೇ ರಿಲೇ ಹೇಳಿಯಾಗಿತ್ತು. ಇನ್ನು ಕೆಲವು ಅಲೆಗಳೊಳಗೆ ಬ್ರೇಕರುಗಳು ಬಿಡಿಸಿದ್ದವು. ಆಮೇಲೆ ನೇರ ಗೆರೆ. ತಂತಿ ಆಗಿನ್ನೂ ಆಕಾಶದಲ್ಲಿತ್ತು. ಬೀಳುವುದಕ್ಕೆ ಆಗತಾನೇ ಹೊರಟಿತ್ತು.

ರೇವಣ್ಣ ನನ್ನ ಹಿಂದೆ ನಿಂತು ನೋಡುತ್ತಿದ್ದರು. ಪರದೆಯ ಮೇಲೆ ನೇರ ಗೆರೆ ಎಳೆದಂತೆ ಬಲಕ್ಕೆ ಬಲಕ್ಕೆ ಹೋಗುತ್ತಿತ್ತು. ಅವರು ಬೆರಳು ಚಾಚಿ ಒಂದು ಕಡೆ ತೋರಿಸಿದರು.

"ರೀಕ್ಲೋಸ್ ಇಟ್ಟಿದ್ರೆ ಎಲ್ಲಿ ಬರ್ತಿತ್ತು ಮೇಡಂ? ಇಲ್ಲೇನಾ?"

"ಸುಮಾರು ಅಲ್ಲೇ."

"ಆಗ ತಂತಿ ಆಯಮ್ಮನ ಮೈಮೇಲೆ ಇರ್ತಿತ್ತು."

ನಾನು ಹೂಂಗುಟ್ಟಿದೆ. ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಆ ರಿಲೇಯ ತತ್ವ ನನಗೆ ಬಾಯಿಪಾಠ. ಅದರ ಒಳಗಿನ ಪ್ರತಿ ಲೆಕ್ಕ ಗೊತ್ತು. ಆದರೂ ಗೊತ್ತಿರುವುದಕ್ಕೂ ಆ ಗೆರೆಗೂ ನಡುವೆ ಏನೋ ಇತ್ತು. ಅದು ಇವತ್ತಿಗೂ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕುಣಿಗಲ್ಲಿಗೆ ಹೋದೆ. ನಂಜುಂಡಯ್ಯನವರು ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಂದು ನೋಡಿದರು. ಮೇಲಿನ ತಂತಿ ಹರಿದದ್ದು ಕೇಳಿ, "ನೆಲದ ಫೈಬರ್ ಉಳೀತಾ?" ಅಂದರು. "ಏನೂ ಆಗಿಲ್ಲ ಸರ್" ಅಂದೆ. ಇನ್ನೊಮ್ಮೆ ತೋರಿಸು ಅಂದರು. ಮತ್ತೊಮ್ಮೆ ಅಂದರು. ಅವರ ಹೆಂಡತಿ ಕಾಫಿ ತಂದಿಟ್ಟು, ಅದು ಆರಿ, ಒಳಗೆ ತೆಗೆದುಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದರು.

"ನಮ್ ತಟ್ಟೆ ಇಷ್ಟೊತ್ತಿಗೆ ತಿರುಗಕ್ಕೇ ಶುರು ಮಾಡ್ತಿರ್ಲಿಲ್ಲ" ಎಂದರು ಕೊನೆಗೆ. ಆ ದನಿಯಲ್ಲಿ ಬೇಸರವಿರಲಿಲ್ಲ.

ಸಿದ್ಧಗಂಗಮ್ಮನವರ ತೋಳು ವಾಸಿಯಾಯಿತು. ಲೈನು ಮತ್ತೆ ಎಳೆದು ಚಾರ್ಜ್ ಮಾಡುವ ದಿನ ನಾನು ಸ್ಥಾವರದಲ್ಲಿದ್ದೆ. ಅವರು ಗೇಟಿನ ಹತ್ತಿರ ಬಂದು ನಿಂತಿದ್ದಾರೆ ಎಂದು ಕಾವಲಿನವನು ಬಂದು ಹೇಳಿದ. ಹೋದೆ.

"ಅದೆಂಥದೋ ಐತಂತಲ್ಲವ್ವಾ, ತಂತಿ ಬೀಳಕ್ ಮುಂಚೆ ಆಫ್ ಮಾಡಿದ್ದು. ಅದನ್ನ ನೋಡ್ಬೇಕಿತ್ತು" ಅಂದರು.

ರೇವಣ್ಣ ತಾವೇ ಬಂದು ಒಳಗೆ ಕರೆದುಕೊಂಡು ಹೋದರು. ಸಿದ್ಧಗಂಗಮ್ಮ ಚಪ್ಪಲಿ ಹೊರಗೆ ಬಿಟ್ಟರು. ಎಷ್ಟು ಹೇಳಿದರೂ ಹಾಕಿಕೊಳ್ಳಲಿಲ್ಲ. ಕಂಟ್ರೋಲ್ ರೂಮಿನ ತಣ್ಣಗಿನ ನೆಲದ ಮೇಲೆ ನಡೆದು, ಸಾಲು ಪ್ಯಾನೆಲ್ಲುಗಳನ್ನು ನೋಡುತ್ತಾ ಬಂದರು. ನಾನು ತೋರಿಸಿದೆ. ಬೂದು ಬಣ್ಣದ ಪೆಟ್ಟಿಗೆ, ಒಂದು ಹಸಿರು ದೀಪ.

"ಇಷ್ಟೇನಾ?"

"ಇಷ್ಟೇ ಅಮ್ಮಾ."

ಬಗ್ಗಿ ನೋಡಿದರು. ಪರದೆಯ ಮೇಲೆ ಕರೆಂಟಿನ ಅಂಕಿಗಳು ಸಣ್ಣಗೆ ಏರಿ ಇಳಿಯುತ್ತಿದ್ದವು. "ಈಗೇನ್ ಮಾಡ್ತಾ ಐತೆ?"

"ನಿಮ್ಮ ತೋಟದ ತಂತೀನ ನೋಡ್ತಿದೆ."

"ಯಾವಾಗ್ಲೂವಾ?"

"ಯಾವಾಗ್ಲೂ."

"ನಿದ್ದೆ ಗಿದ್ದೆ?"

"ಅದಕ್ಕೆ ನಿದ್ದೆ ಇಲ್ಲ ಅಮ್ಮಾ."

ಸಿದ್ಧಗಂಗಮ್ಮ ಅದನ್ನೇ ನೋಡುತ್ತಾ ನಿಂತರು. ಕೈ ಮುಗಿಯುತ್ತಾರೇನೋ ಅಂದುಕೊಂಡೆ. ಮುಗಿಯಲಿಲ್ಲ. ವಾಸಿಯಾದ ತೋಳನ್ನು ಎತ್ತಿ, ಸೆರಗಿನ ತುದಿಯಿಂದ ಆ ಪೆಟ್ಟಿಗೆಯ ನೆತ್ತಿಯ ಮೇಲಿದ್ದ ಧೂಳನ್ನು ಮೆಲ್ಲಗೆ ಒರೆಸಿದರು.

"ಪಾಪ" ಅಂದರು.